ಹಾಗೂ ಇತರರು

ನಮ್ಮ ಕಡೆ ಅತ್ಯಂತ ಪ್ರಶಾಂತವಾದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ, ಗೋಡೆ ಬಿದ್ದು ಜನ ಸತ್ತ ಜಾಗ ಎಂದೇ ನಾನು ಹೇಳಬೇಕಾಗುತ್ತದೆ. ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ ಮುಂದೆ ನಿಂತರೆ ಹಾರನ್ ಸದ್ದಿಗೆ ಕಿವಿ ತೂತಾಗುತ್ತದೆ. ಮಾರತ್ತಹಳ್ಳಿಯಲ್ಲಿ ರಸ್ತೆ ದಾಟುವುದೇ ಒಂದು ಬೆಳಗಿನ ಕೆಲಸ. ನನ್ನ ಫೋಟೋ ಸ್ಟುಡಿಯೋ ಇರುವ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಂತೂ ಗಿರಾಕಿಗೆ ಗಲ್ಲ ಮೇಲೆತ್ತಿ ಎಂದು ಹೇಳುವುದಕ್ಕೂ ಗಂಟಲು ಹರಿದುಕೊಳ್ಳಬೇಕು. ಆದರೆ ಹಳೆ ಮದ್ರಾಸ್ ರಸ್ತೆ ಬಿಟ್ಟು ಒಳಗೆ ತಿರುಗಿ ಕೆರೆ ಏರಿಯ ಪಕ್ಕ ಹೋದರೆ ಹಸಿರು ಹುಲ್ಲು, ಕಲ್ಲಿನ ಬೆಂಚು, ಒಂದು ಸಣ್ಣ ಕಾರಂಜಿ, ನಡುವೆ ಆಳೆತ್ತರದ ಕಪ್ಪು ಕಲ್ಲು. ಅದೇ ಸ್ಮಾರಕ.

ಕೆಲವು ವರ್ಷಗಳ ಹಿಂದೆ ದೀಪಾವಳಿ ಹೊತ್ತಿನ ಮಳೆಗೆ ಅಲ್ಲಿನ ದೊಡ್ಡ ಅಪಾರ್ಟ್‌ಮೆಂಟಿನ ಕಾಂಪೌಂಡು ಗೋಡೆ ಕುಸಿದು, ಅದಕ್ಕೇ ಒರಗಿಸಿ ಕಟ್ಟಿದ್ದ ತಗಡಿನ ಶೆಡ್ಡುಗಳ ಮೇಲೆ ಬಿತ್ತು. ಒಳಗೆ ಮಲಗಿದ್ದವರು ಅದೇ ಅಪಾರ್ಟ್‌ಮೆಂಟಿನ ಎರಡನೆಯ ಕಟ್ಟಡ ಕಟ್ಟಲು ಯಾದಗಿರಿ, ರಾಯಚೂರು ಕಡೆಯಿಂದ ಬಂದವರು. ಅಪಾರ್ಟ್‌ಮೆಂಟಿನವರಿಗೆ ನಿಜವಾಗಿಯೂ ಬೇಜಾರಾಯಿತು, ಇಲ್ಲ ಎನ್ನುವುದಿಲ್ಲ. ಶೆಡ್ಡುಗಳಿದ್ದ ಜಾಗದಲ್ಲೇ ತೋಟ ಮಾಡಿ ಸ್ಮಾರಕ ನಿಲ್ಲಿಸಿದರು. ಆಮೇಲೆ ಒಂದು ಬೋರ್ಡನ್ನೂ ನಿಲ್ಲಿಸಿದರು: ಇಲ್ಲಿ ಮಲಗಬಾರದು, ಊಟ ಮಾಡಬಾರದು, ಬಟ್ಟೆ ಒಣಗಿಸಬಾರದು, ಎಲೆಅಡಿಕೆ ಉಗುಳಬಾರದು. ಸತ್ತವರೇ ಎದ್ದು ಬಂದರೂ ಅವರಿಗೆ ಅಲ್ಲಿ ಮಾಡಲು ಕೆಲಸವಿಲ್ಲ.

ಬಾಗಿಲಲ್ಲಿ ಇನ್ನೊಂದು ಕಲ್ಲಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ ಇದ್ದವರು, ಎಲ್ಲರ ಹೆಸರೂ ಅದರ ಮೇಲೆ. ಹೆಸರಿನ ಮುಂದೆ ಮಾನ್ಯ ಶ್ರೀ, ಹಿಂದೆ ರವರು. ಅಕ್ಷರಗಳು ಒಳಗಿನ ಕಲ್ಲಿನ ಅಕ್ಷರಕ್ಕಿಂತ ದಪ್ಪ. ಒಳಗಿನ ಕಲ್ಲಿನ ಮೇಲೆ ಏಳು ಹೆಸರುಗಳಿದ್ದವು, ಮುಂದೆ ಹಿಂದೆ ಏನೂ ಇಲ್ಲದ ಬೋಳು ಹೆಸರುಗಳು. ಅವುಗಳ ಕೆಳಗೆ ಕೊನೆಯ ಸಾಲು: ಹಾಗೂ ಇತರರು.

ನಾನು ಆ ಜಾಗಕ್ಕೆ ಹೋಗಿದ್ದು ಭಕ್ತಿಯಿಂದಲ್ಲ, ಕೆಲಸಕ್ಕೆ. ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಒಂದು ಮಧ್ಯಾಹ್ನ ಸ್ಟುಡಿಯೋಕ್ಕೆ ಬಂದರು. ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಟೀ ಶರ್ಟು ಹಾಕುವವರು. ಹೊಸ ವರ್ಷದ ಕ್ಯಾಲೆಂಡರಿಗೆ ಏರಿಯಾದ ಚೆಂದದ ಜಾಗಗಳ ಫೋಟೋ ಬೇಕಂತೆ, ತಿಂಗಳಿಗೆ ಒಂದು.

"ಸ್ಮಾರಕ ಅಂತೂ ಇರ್ಲೇಬೇಕು ಮೇಡಂ. ತುಂಬಾ ಸೆರೀನ್ ಆಗಿದೆ" ಎಂದರು.

"ಯಾವ ತಿಂಗಳಿಗೆ ಸರ್?"

ಅವರು ಆಗಲೇ ಯೋಚನೆ ಮಾಡಿಕೊಂಡು ಬಂದಿದ್ದರು. "ಜನವರಿ ಬೇಡ, ವರ್ಷದ ಮೊದಲು. ಮಾರ್ಚಲ್ಲಿ ಯುಗಾದಿ. ಆಗಸ್ಟಲ್ಲಿ ವರಮಹಾಲಕ್ಷ್ಮಿ. ಜುಲೈಗೆ ಹಾಕ್ಬಿಡಿ, ಆಷಾಢ. ಹೇಗೂ ಯಾರೂ ಶುಭಕಾರ್ಯ ಇಟ್ಕೊಳ್ಳಲ್ಲ, ಕ್ಯಾಲೆಂಡರ್ ಕಡೆ ನೋಡೋರೂ ಕಮ್ಮಿ."

ನನ್ನ ಬಾಯಿ ಜೋರು ಎಂದು ಮಾರ್ಕೆಟ್ ರಸ್ತೆಗೆಲ್ಲ ಗೊತ್ತು. ಆದರೂ ಆ ದಿನ ಜುಲೈ ಎಂದೇ ಬರೆದುಕೊಂಡೆ. ಫೋನುಗಳು ಬಂದ ಮೇಲೆ ಪಾಸ್‌ಪೋರ್ಟ್ ಸೈಜಿನ ಫೋಟೋ ಒಂದನ್ನು ಬಿಟ್ಟು ನನ್ನ ಕೈಗೆ ಬೇರೆ ಕೆಲಸವೇ ಉಳಿದಿರಲಿಲ್ಲ. ಹೊರಗೆ ಹೋಗಿ ಫೋಟೋ ತೆಗೆಯಿರಿ ಎಂದು ಒಬ್ಬ ಮನುಷ್ಯ ಕರೆದಾಗ ಕ್ಯಾಮೆರಾ ಒರೆಸುವ ಬಟ್ಟೆಯನ್ನೇ ಮೊದಲು ಹುಡುಕಿದೆ.

ಮಾರನೆಯ ಬೆಳಿಗ್ಗೆ ಹೋದರೆ ಪ್ರಶಾಂತತೆ ಬಹಳ ಗಲಾಟೆಯಲ್ಲಿತ್ತು. ಹುಲ್ಲಿನ ಮೇಲೆ ನಗೆಕೂಟದವರು ಕೈ ಮೇಲೆತ್ತಿ ಹೊಹೊ ಎಂದು ನಗುತ್ತಿದ್ದರು. ಆರೋಗ್ಯಕ್ಕೆ ಒಳ್ಳೆಯದಂತೆ. ಅವರು ಹೋದರು ಎನ್ನುವಷ್ಟರಲ್ಲಿ ಇಂದಿರಾನಗರದ ಕಡೆಯಿಂದ ಒಂದು ಜೋಡಿ ಬಂತು, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು. ಹುಡುಗಿಯ ಕೆಂಪು ಗೌನು ಹುಲ್ಲಿನ ಉದ್ದಕ್ಕೂ ಹಾಸಿತ್ತು. ಹುಡುಗ ಕಪ್ಪು ಕಲ್ಲಿಗೆ ಒರಗಿ ನಿಂತ. ಅವರ ಫೋಟೋದವನು ನನ್ನ ಕಡೆ ತಿರುಗಿ, "ಅಕ್ಕ, ಸ್ವಲ್ಪ ಸೈಡಿಗೆ ಬನ್ನಿ, ಫ್ರೇಮಿಗೆ ಬರ್ತೀರಾ" ಎಂದ. ಅದೇ ಕಸುಬಿನವಳಿಗೆ ಹೇಳುವ ಮಾತೇ ಅದು?

ಹುಡುಗಿ ಕಲ್ಲಿನ ಕಡೆ ನೋಡಿ ಕೇಳಿದಳು: "ಏನಿದು, ಇಷ್ಟು ಹೆಸ್ರು?"

"ಡೋನರ್ಸ್ ಇರ್ಬೇಕು" ಎಂದ ಹುಡುಗ.

ಅವನ ತಪ್ಪೂ ಅಲ್ಲ. ನಮ್ಮ ದೇಶದಲ್ಲಿ ಕಲ್ಲಿನ ಮೇಲೆ ಹೆಸರು ಬರಬೇಕಾದರೆ ದೇವಸ್ಥಾನಕ್ಕೆ ಟ್ಯೂಬ್‌ಲೈಟನ್ನಾದರೂ ಕೊಟ್ಟಿರಬೇಕು. ಆ ಏಳು ಜನ ಏನು ಕೊಟ್ಟಿರಬಹುದು ಎಂದು ಅವರಿಬ್ಬರೂ ಹೆಚ್ಚು ಯೋಚಿಸಲಿಲ್ಲ. ಸೂರ್ಯ ಮೇಲೇರುವುದರೊಳಗೆ ಫೋಟೋ ಮುಗಿಯಬೇಕಿತ್ತು.

ನನ್ನ ಕಷ್ಟ ಬೇರೆ. ಪಾಲಿಶ್ ಮಾಡಿದ ಕಪ್ಪು ಕಲ್ಲು ಫೋಟೋದವರ ಪಾಲಿಗೆ ಶನಿ. ಎಲ್ಲಿ ನಿಂತು ತೆಗೆದರೂ ಅದರಲ್ಲಿ ಏನೋ ಒಂದು ಕಾಣುತ್ತದೆ. ಸತ್ತವರ ಹೆಸರಿನ ಮೇಲೆ ನನ್ನ ದಪ್ಪ ಮುಖ, ಮುಖದ ಹಿಂದೆ ಬಾಲ್ಕನಿಗಳು, ಬಾಲ್ಕನಿಯಲ್ಲಿ ಯಾರದೋ ಒಣಗುವ ಟವೆಲು. ಅಡ್ಡ ನಿಂತೆ, ಕೂತು ತೆಗೆದೆ, ಕೊನೆಗೆ ಛತ್ರಿ ಹಿಡಿದು ತೆಗೆದೆ. ಇವನ್ನೆಲ್ಲ ಹೇಗೋ ಸರಿ ಮಾಡಿದೆ ಎಂದುಕೊಂಡರೆ ಕೊನೆಯ ಸಾಲಿನ ಮೇಲೆ ಅರಿಶಿನ ಕುಂಕುಮ. ಬಾಕಿ ಏಳು ಹೆಸರಿನ ಮೇಲೆ ಒಂದು ಚುಕ್ಕೆ ಇಲ್ಲ. ಹಾಗೂ ಇತರರು ಎಂಬುದರ ಮೇಲೆ ಮಾತ್ರ ಬೆರಳಿನಿಂದ ಎಳೆದ ಹಾಗೆ ಹಳದಿ, ನಡುವೆ ಕೆಂಪು, ಒಂದು ಒಣಗಿದ ಚೆಂಡುಹೂವು.

ಅಧ್ಯಕ್ಷರಿಗೆ ಫೋನ್ ಮಾಡಿದರೆ ಅವರು ನಿಟ್ಟುಸಿರು ಬಿಟ್ಟರು. "ಯಾರೋ ಬಳಿತಾರೆ ಮೇಡಂ. ಉಜ್ಜಿಸಿ ಉಜ್ಜಿಸಿ ಸಾಕಾಗೋಗಿದೆ. ಕಲ್ಲಿಗೆ ಹಳದಿ ಕಲೆ ಕೂತ್ಬಿಟ್ಟಿದೆ. ನೀವು ಕಂಪ್ಯೂಟರಲ್ಲಿ ತೆಗೆದ್ಬಿಡಿ."

ತೆಗೆಯಬಹುದಿತ್ತು. ಗಿರಾಕಿಗಳ ಮುಖದ ಮೇಲಿನ ಮೊಡವೆ, ಮಚ್ಚೆ, ವಯಸ್ಸು ಎಲ್ಲವನ್ನೂ ತೆಗೆಯುವವಳು ನಾನು. ಆದರೆ ನನಗೆ ಬೆಳಗಿನಿಂದ ತಲೆ ಕೆಟ್ಟಿತ್ತು. ಯಾರಿಗಾದರೂ ನೆಟ್ಟಗೆ ಬೈಯಬೇಕೆನಿಸಿತ್ತು. ಈ ಅರಿಶಿನದ ಪುಣ್ಯಾತ್ಮರು ಸಿಗಲಿ ಎಂದು ಬೆಂಚಿನ ಮೇಲೆ ಕಾದು ಕೂತೆ.

ಬಂದವಳು ಮೂವತ್ತು ದಾಟಿರದ ಹೆಂಗಸು. ಎರಡನೆಯ ಕಟ್ಟಡದಲ್ಲಿ ಮನೆಗೆಲಸ ಮುಗಿಸಿ ಬರುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಅರಿಶಿನದ ಪೊಟ್ಟಣ ತೆಗೆದಳು. ನಾನು ಬಾಯಿ ತೆರೆಯುವುದರೊಳಗೆ, ಹಳೆಯ ಹೂವನ್ನು ಎತ್ತಿ ಹೊಸದನ್ನಿಟ್ಟು, ಕೊನೆಯ ಸಾಲನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರವಾಗಿ ಸವರಿದಳು. ಮಗುವಿಗೆ ಎಣ್ಣೆ ಹಚ್ಚುವವರು ಹಾಗೆ ಸವರುತ್ತಾರೆ. ಬೈಯಲೆಂದು ಕೂತವಳು ಎದ್ದು ಹತ್ತಿರ ಹೋದೆ.

"ಇದೊಂದೇ ಸಾಲಿಗೆ ಯಾಕಮ್ಮ ಹಚ್ತೀಯಾ?" ಎಂದೆ.

"ಉಳಿದೋರಿಗಿ ಅವರವರ ಮಂದಿ ಅದಾರ್ರಿ. ಇದು ನಮ್ಮ ಮನಿಯವ್ರು" ಎಂದಳು.

"ಅದು ಹೆಸರಲ್ಲಮ್ಮ. ಹಾಗೂ ಇತರರು ಅಂತ ಬರೆದಿದೆ."

"ಗೊತ್ತದ್ರಿ ಅಕ್ಕಾ. ಕೂಡಿಸ್ಕೊಂಡು ಓದಾಕ ಬರ್ತದ ನನಗ, ಬರಿಯಾಕ ಬರಂಗಿಲ್ಲ. ಏಳು ಮಂದಿ ಅವತ್ತೇ ಸಿಕ್ರು. ನಮ್ಮವ್ರು ಮರುದಿನ ಸಿಕ್ರು. ಪೇಪರ್‌ನ್ಯಾಗ ಏಳು ಮಂದಿ ಹೆಸ್ರು ಬರ್ದು, ಮುಂದ, ಇನ್ನಾ ಸಿಗದವ್ರಿಗಿ, ಹಾಗೂ ಇತರರು ಅಂತ ಹಾಕಿದ್ರು. ಇವ್ರು ಆ ಪೇಪರ್ ನೋಡೇ ಕಲ್ಲು ಮಾಡ್ಸ್ಯಾರ."

ಅಂದರೆ ಸತ್ತವರು ಒಟ್ಟು ಎಂಟು ಜನ. ಏಳು ಜನಕ್ಕೆ ಹೆಸರು. ಇತರರು ಎಂದರೆ ಒಬ್ಬನೇ ಒಬ್ಬ. ನನಗೆ ಮೈಯೆಲ್ಲ ಉರಿದುಹೋಯಿತು. ಅದರ ಮಾರನೆಯ ದಿನದ ಪೇಪರನ್ನು ಬಿಡಿಸಿ ನೋಡುವಷ್ಟು ಪುರುಸೊತ್ತು ಆ ಇಡೀ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಇರಲಿಲ್ಲವೇ?

ಅವಳು ನನ್ನ ಕ್ಯಾಮೆರಾ ನೋಡಿದಳು. "ಇದರದು ಒಂದು ಫೋಟೋ ತಗದು ಕೊಡ್ತೀರೇನ್ರಿ? ಬರೋ ಅಮಾಸಿಗೆ ಊರಿಗೆ ಹೋಗೋದದ, ವರ್ಷದ ಕಾರ್ಯಕ್ಕ. ಕಲ್ಲಿನ್ಯಾಗ ನಿಮ್ಮ ಮಗನ ಹೆಸ್ರು ಕೆತ್ಯಾರ ಅಂತ ಅತ್ತಿಗಿ ಹೇಳಿಬಿಟ್ಟೀನಿ. ಫೋಟೋ ತಗೊಂಡು ಬಾ ಅಂತ ಗಂಟು ಬಿದ್ದಾಳ."

"ಅತ್ತೆ ಓದ್ತಾರಾ?"

"ಇಲ್ರಿ. ಆದ್ರ ಓಣ್ಯಾಗ ಇರೋರ ಕೈಲಿ ಓದಸ್ತಾಳಲ್ರಿ."

ಕಾರ್ಯದ ದಿನ ನೆಂಟರೆಲ್ಲ ಸೇರಿದ ಮನೆಯಲ್ಲಿ, ಯಾರೋ ಒಬ್ಬರು ಆ ಫೋಟೋ ಹಿಡಿದು ಹಾಗೂ ಇತರರು ಎಂದು ಗಟ್ಟಿಯಾಗಿ ಓದುವುದು ನನ್ನ ಕಣ್ಣಿಗೇ ಬಂತು. ಅಮಾವಾಸ್ಯೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

"ಸಂಘದವರನ್ನ ಕೇಳಲಿಲ್ವಾ?"

"ಗೇಟಿನ್ಯಾಗ, ಕೆಲಸದೋರ ಲಿಫ್ಟ್ ಕಡಿ ಹೋಗ್ರಿ ಅಂತಾರ. ಆಫೀಸ್ ಕಡಿ ಬಿಡಂಗಿಲ್ರಿ."

"ನಾನು ಕೇಳ್ತೀನಿ. ಅವರ ಹೆಸರೇನು ಹೇಳು."

ಅವಳು ತಲೆ ತಗ್ಗಿಸಿ ನಕ್ಕಳು. "ನಾ ಹೆಂಗ ಹೇಳ್ಲಿ ಬಿಡ್ರಿ."

ಗಂಡನ ಹೆಸರು ಹೇಳುವುದಿಲ್ಲ. ನನ್ನ ಅಜ್ಜಿಯೂ ಹೇಳುತ್ತಿರಲಿಲ್ಲ. ಆದರೆ ಅಜ್ಜ ಎದುರಿಗೇ ಕೂತು ಮುದ್ದೆ ತಿನ್ನುತ್ತಿದ್ದರು. "ಹೋದ ಮೇಲೂ ಹೇಳಬಾರದೇನಮ್ಮ?" ಎಂದೆ, ಸ್ವಲ್ಪ ಒರಟಾಗಿಯೇ.

"ಹೋದ್ರ ಗಂಡ ಅಲ್ದಂಗ ಆಗ್ತಾರೇನ್ರಿ?" ಎಂದಳು.

ಭಾನುವಾರ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಸಂಘದ ಸಭೆ. ಕ್ಯಾಲೆಂಡರಿನ ಫೋಟೋ ತೋರಿಸುವ ನೆಪದಲ್ಲಿ ಹೋದೆ. ಎಸಿ ಚಳಿಗೆ ನನ್ನ ಕೋಪ ತಣ್ಣಗಾದೀತು ಎಂದು ಹೆದರಿ, ಕೂತ ತಕ್ಷಣವೇ ವಿಷಯ ತೆಗೆದೆ. ಎಂಟನೆಯವನ ಹೆಸರು ಹಾಕಿಸಿ ಎಂದೆ.

ಒಬ್ಬರಿಗೆ ಕಲ್ಲಿನ ಸಿಮೆಟ್ರಿ ಹಾಳಾಗುತ್ತದೆ ಎಂಬ ಚಿಂತೆ. ಇನ್ನೊಬ್ಬರು ಎಷ್ಟು ಜನ ಇತರರು ಎಂದು ಕೇಳಿದರು. ಒಬ್ಬರು ಎಂದೆ. ಒಬ್ಬರಿಗೆ ಇತರರು ಅಂತ ಹೇಗೆ ಬಂತು ಎಂದು ಅವರು ನನ್ನನ್ನೇ ಕೇಳಿದರು, ನಾನೇ ಕೆತ್ತಿದ ಹಾಗೆ. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರು ಜಾಣರು, ನಕ್ಕುಬಿಟ್ಟರು.

"ಗೌರವ ಬಹುವಚನ ಅಂದ್ಕೊಳ್ಳಿ ಮೇಡಂ."

"ಬಾಗಿಲ ಕಲ್ಲಲ್ಲಿ ನಿಮಗೆ ಹೆಸರೂ ಇದೆ, ಬಹುವಚನವೂ ಇದೆ ಸರ್" ಎಂದೆ. "ಆತನಿಗೆ ಬರೀ ಬಹುವಚನ ಯಾಕೆ?"

ಯಾರೋ ಕೆಮ್ಮಿದರು. ಅಧ್ಯಕ್ಷರ ಮುಖ ಹುಳ್ಳಗಾಯಿತು. ನನ್ನ ಮಾತಿನಿಂದ ಅವರ ಮನಸ್ಸು ಕರಗಿತು ಎಂದು ಬರೆದುಕೊಳ್ಳಲು ನನಗೂ ಆಸೆಯೇ. ಆದರೆ ನಡೆದದ್ದು ಹಾಗಲ್ಲ. ಖಜಾಂಚಿಯವರು ತಲೆ ಎತ್ತಿ, ಅರಿಶಿನದ ಕಲೆ ಹೇಗೂ ಉಜ್ಜಿದರೆ ಹೋಗುತ್ತಿಲ್ಲ, ಪಾಲಿಶಿನವನನ್ನು ಕರೆಸಲೇಬೇಕು, ಅದರ ಜೊತೆ ಇದೂ ಆಗಿಹೋಗಲಿ ಎಂದರು. ಎಲ್ಲರಿಗೂ ಉಸಿರು ಬಂತು. ಅರ್ಜಿ ಕೊಟ್ಟಿದ್ದರೆ ಆಗದ ಕೆಲಸವನ್ನು ಅರಿಶಿನ ಮಾಡಿತು. ಹೆಸರು ತಪ್ಪಿಲ್ಲದೆ ಬರೆಸುವ ಜವಾಬ್ದಾರಿಯನ್ನು ನನಗೇ ಕಟ್ಟಿ ಅವರು ಕೈ ತೊಳೆದುಕೊಂಡರು. ಜುಲೈ ತಿಂಗಳಿಗೆ ಕೆರೆಯ ಕೊಕ್ಕರೆಯ ಫೋಟೋ ಆರಿಸಿದರು. ಕೊಕ್ಕರೆ ನಿಜಕ್ಕೂ ಸೆರೀನ್ ಆಗಿತ್ತು.

ಕಲ್ಲು ಕೊರೆಯುವವರೊಬ್ಬರು ಹಲಸೂರಿನಿಂದ ಬಂದರು. ಮನೆಮಾತು ತಮಿಳು, ಕಸುಬಿನ ಮಾತು ಕನ್ನಡ. ಮನೆಗಳ ಬಾಗಿಲಿಗೆ ಹೆಸರಿನ ಫಲಕ ಮಾಡಿ ಮಾಡಿ ಕೈ ಪಳಗಿದವರು. ಹಳೆಯ ಸಾಲಿನ ಅಕ್ಷರಗಳಿಗೆ ಕಲ್ಲಿನ ಪುಡಿ, ಅಂಟು ಕಲಸಿ ತುಂಬಿ ಹಿಂದಿನ ದಿನವೇ ಸಮ ಮಾಡಿ ಹೋಗಿದ್ದರು. ಈಗ ಅಲ್ಲಿ ಬರೀ ಕಪ್ಪು. ಆ ಹೆಂಗಸು ಕೆಲಸದ ಮನೆಯಲ್ಲಿ ರಜೆ ಕೇಳಿ ಬಂದು ಕಲ್ಲಿನ ಮುಂದೆ ನಿಂತಿದ್ದಳು. ರಾತ್ರಿಗೇ ಯಾದಗಿರಿ ಬಸ್ಸು.

ಗಂಡನ ಆಧಾರ್ ಕಾರ್ಡಿನ ಜೆರಾಕ್ಸು ತಂದಿದ್ದಳು. ನಾನೇ ತರಲು ಹೇಳಿದ್ದೆ. ಹೆಸರು ಹೇಳುವ ಗೋಜು ತಪ್ಪಲಿ ಎಂದು ಮಾಡಿದ ಉಪಾಯ. ಕೊರೆಯುವವರು ಕನ್ನಡಕ ಏರಿಸಿಕೊಂಡು ಬಿಳಿ ಪೆನ್ಸಿಲಿನಲ್ಲಿ ಕಲ್ಲಿನ ಮೇಲೆ ಮೂರು ಅಕ್ಷರ ಬರೆದರು.

"ಇದು ಅವ್ರ ಹೆಸ್ರಲ್ರಿ" ಎಂದಳು ಅವಳು.

ನಾನು ಜೆರಾಕ್ಸು ಕಸಿದು ನೋಡಿದೆ. ಕಾರ್ಡಿನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ಹೆಸರಿನ ಕೈಕಾಲು ಮುರಿದಿತ್ತು. ಎಲ್ಲೋ ದೀರ್ಘ ಬಿದ್ದುಹೋಗಿರಬೇಕು, ಒತ್ತು ಬೇರೆಲ್ಲೋ ಹತ್ತಿರಬೇಕು. ಒಟ್ಟಾರೆ ಯಾವ ತಾಯಿಯೂ ಇಡದ ಹೆಸರು. ಅದನ್ನು ನೋಡಿ ಅಸಲು ಹೆಸರು ಊಹಿಸುವ ಹಾಗೂ ಇರಲಿಲ್ಲ.

"ಮತ್ತೆ ಸರಿಯಾದ ಹೆಸರು ಯಾವುದು?" ಎಂದೆ.

ಅವಳು ಸೆರಗನ್ನು ಬಾಯಿಗೆ ಹಿಡಿದಳು. "ನಮ್ಮೂರ ಗುಡ್ಡದ ಮ್ಯಾಲಿನ ದೇವ್ರ ಹೆಸ್ರು ಮುಂದ. ಅದಕ್ಕ ಅಪ್ಪ ಅಂತ ಹಚ್ಚಬೇಕ್ರಿ."

ಕೊರೆಯುವವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಯೋಚಿಸಿದರು. "ಗುಡ್ಡದ ಮೇಲೆ ಅಂದ್ರೆ ಮುರುಗನ್ನಾ?"

ಅಲ್ಲ ಎಂದು ತಲೆಯಾಡಿಸಿದಳು. ಹನುಮಂತನಾ ಎಂದೆ. ಅಲ್ಲ. ಈಶ್ವರನಾ? ಅಲ್ಲ, ಆದರೆ ಅದೇ ಕಡೆಯವನು ಎಂಬಂತೆ ಕೈ ಆಡಿಸಿದಳು. ಗುಡ್ಡ ಹತ್ತುವ ದೇವರು, ಇಳಿಯುವ ದೇವರು, ಎಲ್ಲರನ್ನೂ ನಾವಿಬ್ಬರೂ ಕರೆದೆವು. ಯಾರೂ ಬರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ನಗೆಕೂಟದ ಇಬ್ಬರು ನಮ್ಮನ್ನೇ ನೋಡುತ್ತಿದ್ದರು. ನನಗೆ ನಗುವೂ ಬರುತ್ತಿತ್ತು, ಅವಳನ್ನು ಹಿಡಿದು ಅಲ್ಲಾಡಿಸಬೇಕೆಂಬಷ್ಟು ಸಿಟ್ಟೂ ಬರುತ್ತಿತ್ತು.

"ಊರಿಗೆ ಫೋನ್ ಮಾಡು. ಅತ್ತೆಯನ್ನೇ ಕೇಳೋಣ" ಎಂದೆ.

"ಅತ್ತಿಗಿ ಹೆಂಗ ಕೇಳ್ಲಿ ಅಕ್ಕಾ? ಮೊದ್ಲೇ ಕೆತ್ಯಾರ ಅಂತ ಹೇಳೀನಿ."

ಕೊರೆಯುವವರು ಆಕಾಶ ನೋಡಿದರು. ಕರೆಂಟು ಹೋಗುವ ಹೊತ್ತಾಯಿತು, ಆಮೇಲೆ ಕೊರೆಯುವ ಮಷೀನು ಓಡುವುದಿಲ್ಲ ಎಂದರು. "ಹೇಳಿದ್ರೆ ಹೊಡೀತೀನಮ್ಮಾ. ಇಲ್ಲಾಂದ್ರೆ ಜಾಗ ಖಾಲಿ ಬಿಟ್ಟು ಪಾಲಿಶ್ ಹಾಕಿ ಹೋಗ್ತೀನಿ. ನಾನು ಮತ್ತೆ ಬರೋದು ಪೊಂಗಲ್ ಆದ್ಮೇಲೇನೇ."

ಅವಳು ಖಾಲಿ ಜಾಗವನ್ನು ನೋಡಿದಳು. "ಮೊದ್ಲು ಇತರರು ಅಂತನಾದ್ರೂ ಇದ್ರು" ಎಂದಳು. ನನಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಇದ್ದ ಆ ಎರಡು ಮಾತನ್ನೂ ಅಳಿಸಿ ಹಾಕಿಸಿದವಳು ನಾನೇ ತಾನೆ?

ಅವಳು ಕಲ್ಲಿನ ಹತ್ತಿರ ಹೋಗಿ, ಅದರ ಕಿವಿಯಲ್ಲಿ ಹೇಳುವ ಹಾಗೆ ಹೆಸರು ಹೇಳಿದಳು.

"ಕೇಳಲಿಲ್ಲಮ್ಮಾ" ಎಂದರು ಕೊರೆಯುವವರು. ಪಕ್ಕದ ಕಟ್ಟಡದಲ್ಲಿ ಯಾವುದೋ ಮಷೀನು ಕೂಗುತ್ತಿತ್ತು.

ಇನ್ನೊಮ್ಮೆ ಹೇಳಿದಳು. ಅವರು ಬರೆದುಕೊಳ್ಳುತ್ತ ಮಧ್ಯದಲ್ಲಿ ನಿಲ್ಲಿಸಿದರು. "ಲ ಅಂದ್ರೆ ಯಾವ ಲಮ್ಮಾ? ಸಾದಾ ಲನಾ, ನಾಲಿಗೆ ಮಡಚೋ ಳನಾ? ಬಿಡಿಸಿ ಹೇಳು."

ಮೂರನೆಯ ಸಲ ಅವಳು ಗಟ್ಟಿಯ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ತಂದೆಯ ಹೆಸರನ್ನೂ ಸೇರಿಸಿದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಹೋಗಿ ಕಲ್ಲಿನ ಮೇಲೆ ಓದಿಕೊಳ್ಳಲಿ.

ಕೊರೆದು ಮುಗಿಯುವವರೆಗೂ ಅವಳು ಕುಳಿತುಕೊಳ್ಳಲಿಲ್ಲ. ಧೂಳು ಒರೆಸಿ, ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬಿ ಅವರು ಹೊರಟರು. ನಾನು ಛತ್ರಿಯಿಲ್ಲದೆ, ಅಡ್ಡ ನಿಲ್ಲದೆ, ನೇರವಾಗಿ ಒಂದು ಫೋಟೋ ತೆಗೆದೆ. ನನ್ನ ಮುಖ, ಬಾಲ್ಕನಿ, ಟವೆಲು ಎಲ್ಲ ಬಂದವು. ಬರಲಿ ಎಂದು ಬಿಟ್ಟೆ. ಸಂಜೆಯೊಳಗೆ ಪ್ರಿಂಟು ಹಾಕಿ ಕೊಡುತ್ತೇನೆ, ಬಸ್ಸಿಗೆ ಮುಂಚೆ ಸ್ಟುಡಿಯೋಕ್ಕೆ ಬಾ ಎಂದೆ.

"ಹೆಸ್ರು ಹೇಳಿದ್ರ ಗಂಡನ ಆಯುಷ್ಯ ಕಮ್ಮಿ ಆಗ್ತದ ಅಂತಿದ್ಳು ನಮ್ಮವ್ವ" ಎಂದಳು, ನನ್ನ ಕಡೆ ನೋಡದೆ. "ಇನ್ನ ಏನ್ ಕಮ್ಮಿ ಆಗ್ತದ ಬಿಡ್ರಿ."

ಕ್ಯಾಮೆರಾದ ಬ್ಯಾಗು ಮುಚ್ಚುವ ನೆಪ ಮಾಡಿ ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಯಾವ ಬಸ್ಸಿಗೆ ಬರುತ್ತೀ ಎಂದು ಕೇಳಲು ಊರಿನಿಂದ ಅತ್ತೆ ಮಾಡಿದ್ದು. ಕಿವಿಗೆ ಹಿಡಿದರೆ ಕೇಳಿಸದ ಹಳೆಯ ಫೋನು, ಸ್ಪೀಕರ್ ಹಾಕಿಯೇ ಮಾತಾಡಬೇಕು.

"ಕಲ್ಲಿನ ಮುಂದೇ ನಿಂತೀನಿ ಅತ್ತಿ" ಎಂದಳು.

"ಏನ್ ಬರ್ದಾರ, ಓದು" ಎಂದಳು ಮುದುಕಿ.

ಅವಳು ಓದಿದಳು. ಹೆಸರು, ತಂದೆಯ ಹೆಸರು, ಒಂದೂ ಬಿಡದೆ. ಸೊಸೆಯಾದವಳು ಗಂಡನ ಹೆಸರು ಬಾಯಿಬಿಟ್ಟು ಹೇಳಿದ್ದಕ್ಕೆ ಮುದುಕಿ ಈಗ ಬೈಯುತ್ತಾಳೆ ಎಂದು ನಾನು ಕಾದೆ.

"ಮನ್ಯಾಗ ಅವನ ಹೆಸ್ರು ಯಾರೂ ಎತ್ತವಲ್ರು" ಎಂದಳು ಮುದುಕಿ. "ಇನ್ನೊಮ್ಮಿ ಓದವ್ವ."

ಸೊಸೆ ಕಲ್ಲಿನ ಕಡೆ ನೋಡದೆ ಇನ್ನೊಮ್ಮೆ ಹೇಳಿದಳು.